ಗೋಪುರ ದಾಟಿ ಹೋಗುವ ಗ್ಲೈಕಾಲ್

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಮೇಲ್ವಿಚಾರಕರೊಬ್ಬರು ಕಳೆದ ತಿಂಗಳು ಒಂದು ಸಣ್ಣ ಬಾಟಲಿ ತಂದು ನನ್ನ ಮೇಜಿನ ಮೇಲಿಟ್ಟರು. ಕುಲುಮೆಗೆ ಹೋಗುವ ಅನಿಲದ ಫಿಲ್ಟರ್ ತಳದಲ್ಲಿ ಸಿಕ್ಕಿದ ಜಿಗುಟು ದ್ರವ ಅದು. “ಸರ್, ಇದು ಗ್ಲೈಕಾಲ್ ಇರಬಹುದೇ?” ಎಂದು ಕೇಳಿದರು. ಅನಿಲವನ್ನು ಒಣಗಿಸಲು ಬಳಸುವ, ತೇವ ಹೀರುವ ದ್ರವ ಗ್ಲೈಕಾಲ್. ಒಂದು ಲೋಟ ನೀರಿಗೆ ನಾಲ್ಕು ಹನಿ ಬಿಟ್ಟು ಕಲಕಿದೆವು. ಹನಿಗಳು ಮೇಲೆ ತೇಲಿದವು. ಗ್ಲೈಕಾಲ್ ಆಗಿದ್ದರೆ ನೀರಿನಲ್ಲಿ ಪೂರ್ತಿ ಬೆರೆತುಹೋಗುತ್ತಿತ್ತು. ಇದು ಕಂಪ್ರೆಸರ್ ಎಣ್ಣೆ.

ಅವರ ಅನಿಲ ಹಡಗಿನಲ್ಲಿ ದ್ರವೀಕೃತವಾಗಿ ಬಂದ ನೈಸರ್ಗಿಕ ಅನಿಲವಾಗಿದ್ದರೆ ಅದರಲ್ಲಿ ಗ್ಲೈಕಾಲ್ ನಿರೀಕ್ಷಿಸಬೇಕಾಗಿಲ್ಲ. ಅದನ್ನು ಮೈನಸ್ 162 ಡಿಗ್ರಿಗೆ ತಣಿಸುವ ಮೊದಲೇ ತೇವ ಹೀರುವ ಹರಳುಗಳ ನಡುವೆ ಹಾಯಿಸಿ ಒಣಗಿಸಿರುತ್ತಾರೆ. ಆದರೂ ಅವರ ಪ್ರಶ್ನೆ ನನ್ನನ್ನು ಹಳೆಯ ಕೆಲಸಕ್ಕೆ ಕರೆದೊಯ್ಯಿತು.

ಬಾವಿಯಿಂದ ಬಂದ ಹಸಿ ಅನಿಲವನ್ನು ಒಣಗಿಸುವ ಗೋಪುರದಲ್ಲಿ ಟ್ರೈಎಥಿಲೀನ್ ಗ್ಲೈಕಾಲ್ ಮೇಲಿನಿಂದ ಇಳಿಯುತ್ತದೆ, ಅನಿಲ ಕೆಳಗಿನಿಂದ ಏರುತ್ತದೆ. ಈ ಗ್ಲೈಕಾಲ್ ಕುದಿಯುವುದು ಸುಮಾರು 288 ಡಿಗ್ರಿಯಲ್ಲಿ. ಆದ್ದರಿಂದ ಆವಿಯಾಗಿ ಹೋಗುವ ಪಾಲು ಸಣ್ಣದು. ನಷ್ಟ ಹೆಚ್ಚಾದಾಗ ಮೊದಲು ಅನುಮಾನಿಸಬೇಕಾದದ್ದು ಅನಿಲ ಹೊತ್ತೊಯ್ಯುವ ಹನಿಗಳನ್ನು. 10 ಲಕ್ಷ ಘನ ಮೀಟರ್ ಅನಿಲಕ್ಕೆ ಸುಮಾರು 13 ಲೀಟರ್ ಹೋದರೆ ಸಹಜ ಎಂಬುದು ನಮ್ಮಲ್ಲಿನ ಅಂದಾಜು.

ನಾನು ದುಡಿದ ಒಂದು ಘಟಕದಲ್ಲಿ ನಷ್ಟ ಇದರ ಹಲವು ಪಟ್ಟಾಯಿತು. ಗೋಪುರವನ್ನು ಯಾರೂ ತೆರೆದು ನೋಡಲಿಲ್ಲ. ಮುಂದಿನ ಕೊಳವೆಗೆ ಹೊಸ ಫಿಲ್ಟರ್ ಜೋಡಿಸಿದರು. ಅದು ದಿನವೂ ತುಂಬತೊಡಗಿತು. ನನಗೆ ಇಂದಿಗೂ ಬೇಸರ ತರುವುದು ಈ ಅವಸರ. ನಿಜವಾದ ದೋಷ ತಾಪಮಾನದಲ್ಲಿತ್ತು. ಗೋಪುರಕ್ಕೆ ಇಳಿಯುವ ಗ್ಲೈಕಾಲ್ ಅನಿಲಕ್ಕಿಂತ ಐದಾರು ಡಿಗ್ರಿ ಬಿಸಿಯಾಗಿರಬೇಕು. ನಮ್ಮಲ್ಲಿ ಅದು ಅನಿಲಕ್ಕಿಂತ ತಣ್ಣಗಿತ್ತು. ಅನಿಲದಲ್ಲಿದ್ದ ಭಾರವಾದ ಹೈಡ್ರೋಕಾರ್ಬನ್‌ಗಳು ಅದರಲ್ಲಿ ದ್ರವವಾಗಿ ಸೇರಿ ನೊರೆ ಎಬ್ಬಿಸಿದವು. ಹಾಲು ಉಕ್ಕಿದಂತೆ ನೊರೆ ಗೋಪುರದೊಳಗಿನ ತಟ್ಟೆಯಿಂದ ತಟ್ಟೆಗೆ ಏರಿ ಅನಿಲದ ಜೊತೆ ಹೊರಟಿತು. ತಾಪಮಾನ ಸರಿಪಡಿಸಿ, ಗ್ಲೈಕಾಲ್ ಸುತ್ತುವ ದಾರಿಯಲ್ಲಿ ಹಳತಾಗಿದ್ದ ಇದ್ದಿಲಿನ ಫಿಲ್ಟರ್ ಬದಲಿಸಿದೆವು. ಕೊನೆಗೆ ಗೋಪುರ ತೆರೆದಾಗ ಇನ್ನೊಂದು ತಪ್ಪೂ ಕಂಡಿತು: ನೆತ್ತಿಯಲ್ಲಿದ್ದ, ಹನಿ ಹಿಡಿಯುವ ತಂತಿಬಲೆ ಒಂದು ಬದಿಗೆ ಸರಿದು ಸಂದು ಬಿಟ್ಟಿತ್ತು. ಶ್ರಾವಣದ ಬೆಳಗಿನಲ್ಲಿ ಧಾರವಾಡದ ಮನೆಗಳ ಸೊಳ್ಳೆಜಾಲರಿಯ ಮೇಲೆ ಮಂಜು ಹನಿಗಟ್ಟುವುದನ್ನು ನೋಡಿದವರಿಗೆ ಈ ಬಲೆಯ ಕೆಲಸ ಹೇಳಿಕೊಡಬೇಕಿಲ್ಲ. ಸಂದು ಇದ್ದರೆ ಅನಿಲ ಅಲ್ಲಿಂದಲೇ ನುಗ್ಗುತ್ತದೆ.

ಬಲೆ ಸರಿಯಿದ್ದರೂ ಸುಮಾರು 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಹನಿಗಳಲ್ಲಿ ಹಲವು ದಾಟಿಹೋಗುತ್ತವೆ. ಅವುಗಳಿಗೆ ಗಾಜಿನ ನಾರಿನ ಕೋಲೆಸಿಂಗ್ ಫಿಲ್ಟರ್ ಬೇಕು. ಅದು ಒಂದು ಮೈಕ್ರಾನ್‌ಗಿಂತ ಕಿರಿದಾದ ಹನಿಗಳನ್ನೂ ಕೂಡಿಸಿ ದಪ್ಪ ಮಾಡಿ ತಳಕ್ಕೆ ಇಳಿಸುತ್ತದೆ. ಅನಿಲದ ವೇಗ ಮಿತಿ ಮೀರಿದರೆ ಕೂಡಿದ ಹನಿಗಳನ್ನು ಮತ್ತೆ ಎತ್ತಿಕೊಂಡು ಹೋಗುತ್ತದೆ, ಆದ್ದರಿಂದ ಗಾತ್ರದಲ್ಲಿ ಜಿಪುಣತನ ಸಲ್ಲದು. ಆವಿರೂಪದ ಗ್ಲೈಕಾಲ್ ಮಾತ್ರ ಇದಕ್ಕೂ ಸಿಕ್ಕುವುದಿಲ್ಲ. ಅನಿಲ ತಣಿದಲ್ಲಿ ಅದು ದ್ರವವಾಗುತ್ತದೆ. ಹಾಗಾಗಿ ಅನಿಲವನ್ನು ಮುಂದೆ ತಣಿಸುವುದಿದ್ದರೆ, ತಣಿದ ನಂತರದ ಜಾಗದಲ್ಲಿ ಫಿಲ್ಟರ್ ಇಡಬೇಕು.

ನಮ್ಮ ಘಟಕದಲ್ಲಿ ಆ ಹೊಸ ಫಿಲ್ಟರ್ ಕೊನೆಗೂ ಉಪಯೋಗಕ್ಕೆ ಬಂತು. ಬಲೆ ಬಿಗಿದ ಮೇಲೆ ಅದರ ತಳ ತುಂಬಲು ಮೂರು ವಾರ ಹಿಡಿಯಿತು.