ಪದ ಪರಿಚಯ: ಪಿಟ್ಯುಟರಿ ಅಡೆನೋಮ

ತಲೆನೋವಿಗೆಂದು ದಾವಣಗೆರೆಗೆ ಬಂದು ಎಂಆರ್‌ಐ ಮಾಡಿಸಿಕೊಂಡವರ ವರದಿಯಲ್ಲಿ ‘ಪಿಟ್ಯುಟರಿ ಮೈಕ್ರೋಅಡೆನೋಮ’ ಎಂಬ ಸಾಲು ಕಂಡರೆ, ಬಸ್ಸು ಹತ್ತುವಷ್ಟರಲ್ಲಿ ಅದು ‘ಮಿದುಳಿನ ಗಡ್ಡೆ’ಯಾಗಿ, ಊರು ಮುಟ್ಟುವಷ್ಟರಲ್ಲಿ ಕ್ಯಾನ್ಸರ್ ಆಗಿರುತ್ತದೆ. ಪದದಲ್ಲಿ ಅಷ್ಟು ಭಯವಿಲ್ಲ. ಅಡೆನೋಮ ಎಂದರೆ ಗ್ರಂಥಿಯ ಜೀವಕೋಶಗಳಿಂದಲೇ ಬೆಳೆದ ಗಡ್ಡೆ. ಪಿಟ್ಯುಟರಿ ಎಂಬ ಗ್ರಂಥಿಯಲ್ಲಿ ಕಾಣುವ ಇಂಥ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. 10 ಮಿಲಿಮೀಟರಿಗಿಂತ ಚಿಕ್ಕದು ಮೈಕ್ರೋ, ಅದಕ್ಕೂ ದೊಡ್ಡದು ಮ್ಯಾಕ್ರೋ. ‘ಪಿಟ್ಯುಟರಿ’ಯ ಮೂಲ ಲ್ಯಾಟಿನ್ನಿನಲ್ಲಿ ಕಫ ಎಂಬ ಅರ್ಥದ ಪದ; ಮಿದುಳಿನ ಕಫ ಈ ಗ್ರಂಥಿಯ ಮೂಲಕ ಮೂಗಿಗೆ ಇಳಿಯುತ್ತದೆಂದು ಹಿಂದಿನವರು ನಂಬಿದ್ದರು. ನಂಬಿಕೆ ಹೋಯಿತು, ಹೆಸರು ಉಳಿಯಿತು.

ಮಿದುಳಿನ ಬುಡದಲ್ಲಿ, ಮೂಗಿನ ಹಿಂಬದಿಯ ಎಲುಬಿನ ಗುಳಿಯೊಳಗೆ ಕೂತಿರುವ ಈ ಗ್ರಂಥಿ ಚಳ್ಳಕೆರೆಯ ಒಂದು ಶೇಂಗಾ ಬೀಜದಷ್ಟಿದ್ದು, ಸುಮಾರು ಅರ್ಧ ಗ್ರಾಂ ತೂಗುತ್ತದೆ. ಥೈರಾಯ್ಡ್, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್, ಅಂಡಾಶಯ, ವೃಷಣಗಳು ಇದರ ಹತೋಟಿಯಲ್ಲಿವೆ. ಆದ್ದರಿಂದ ಚಿತ್ರದಲ್ಲಿ ಗಡ್ಡೆ ಕಂಡರೆ ರೋಗನಿರ್ಣಯ ಮುಗಿಯಿತು ಎನ್ನುವಂತಿಲ್ಲ; ಅದು ಹಾರ್ಮೋನನ್ನು ಅತಿಯಾಗಿ ಸುರಿಸುತ್ತಿದೆಯೇ, ಅಕ್ಕಪಕ್ಕವನ್ನು ಒತ್ತುತ್ತಿದೆಯೇ ಎಂಬುದು ತಿಳಿಯಬೇಕು.

ರಕ್ತಪರೀಕ್ಷೆಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಪ್ರೊಲ್ಯಾಕ್ಟಿನ್, ಅಂದರೆ ಎದೆಹಾಲು ಬರಿಸುವ ಪಿಟ್ಯುಟರಿ ಹಾರ್ಮೋನ್. ಮುಟ್ಟು ನಿಂತು, ಬಾಣಂತಿಯಲ್ಲದಿದ್ದರೂ ಎದೆಹಾಲು ಒಸರುವ ಮಹಿಳೆಯಲ್ಲಿ ಇದನ್ನು ಮೊದಲು ನೋಡುತ್ತಾರೆ. ಮಿಲಿಲೀಟರಿಗೆ ಸುಮಾರು 25 ನ್ಯಾನೋಗ್ರಾಂವರೆಗೆ ಸಹಜ; 200 ದಾಟಿದರೆ ಗಡ್ಡೆಯ ಅನುಮಾನ ಬಲವಾಗುತ್ತದೆ. ನಡುವಿನ ಅಂಕಿಗೆ ಕಾರಣ ಗರ್ಭವಿರಬಹುದು, ಥೈರಾಯ್ಡ್ ಕೊರತೆಯಿರಬಹುದು, ಸೂಜಿಯ ಅಂಜಿಕೆಯೂ ಇರಬಹುದು. ಎಷ್ಟೋ ಸಲ, ಔಷಧಿ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗಿದ ಗ್ಯಾಸ್ ಮಾತ್ರೆಯಲ್ಲಿರುವ ಡಾಮ್‌ಪೆರಿಡೋನ್ ಎಂಬ ವಾಂತಿ ತಡೆಯುವ ಮದ್ದೇ ಕಾರಣವಾಗಿರುತ್ತದೆ. ನುಂಗುವ ಮಾತ್ರೆಗಳ ಹಾಳೆಗಳನ್ನೆಲ್ಲ ವೈದ್ಯರ ಮೇಜಿನ ಮೇಲೆ ಇಡುವುದು, ನನ್ನ ಪ್ರಕಾರ, ಎಷ್ಟೋ ದುಬಾರಿ ಪರೀಕ್ಷೆಗಿಂತ ಮೇಲು. ಇದಕ್ಕೆ ತಿರುಗುಮುರುಗಾದ ಮೋಸವೂ ಉಂಟು: ಗಡ್ಡೆ ಬಹಳ ದೊಡ್ಡದಿದ್ದು ಪ್ರೊಲ್ಯಾಕ್ಟಿನ್ ವಿಪರೀತ ಏರಿದಾಗ ಯಂತ್ರವೇ ತಪ್ಪಿ ಕಡಿಮೆ ಅಂಕಿ ತೋರಿಸಬಹುದು, ಆಗ ರಕ್ತದ ಮಾದರಿಯನ್ನು ತೆಳುಮಾಡಿ ಮತ್ತೆ ಅಳೆಯುತ್ತಾರೆ.

ಬೆಳವಣಿಗೆಯ ಹಾರ್ಮೋನ್ ಹೆಚ್ಚಾದವರಲ್ಲಿ ಉಂಗುರ ಬೆರಳಿಗೆ ಹತ್ತದಾಗುತ್ತದೆ, ಚಪ್ಪಲಿಯ ಅಳತೆ ಏರುತ್ತದೆ, ಮುಖ ಒರಟಾಗುತ್ತದೆ. ದಿನವೂ ನೋಡುವ ಮನೆಯವರಿಗೆ ಇದು ಕಾಣದ ಕಾರಣ ಹಳೆಯ ಮದುವೆ ಫೋಟೊ ಇಲ್ಲಿ ಒಳ್ಳೆಯ ಸಾಕ್ಷಿ. ಈ ಹಾರ್ಮೋನ್ ಗಳಿಗೆಗೊಮ್ಮೆ ಏರಿಳಿಯುವುದರಿಂದ, ಅದರ ಪ್ರಭಾವದಿಂದ ಯಕೃತ್ತಿನಲ್ಲಿ ತಯಾರಾಗುವ ಐಜಿಎಫ್-1 ಎಂಬ ವಸ್ತುವನ್ನು ಅಳೆದು, ಬೇಕಾದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ಆರೋಗ್ಯವಂತರಲ್ಲಿ ಆಗ ಬೆಳವಣಿಗೆಯ ಹಾರ್ಮೋನ್ ತಗ್ಗುತ್ತದೆ, ಇವರಲ್ಲಿ ತಗ್ಗುವುದಿಲ್ಲ. ಅಡ್ರಿನಲ್ ಸುರಿಸುವ ಕಾರ್ಟಿಸೋಲ್ ಹಾರ್ಮೋನ್ ಅತಿಯಾಗಿರುವ ಸಂಶಯವಿದ್ದರೆ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟು, ಮರುದಿನ ಬೆಳಿಗ್ಗೆ ರಕ್ತ ತೆಗೆದು ಕಾರ್ಟಿಸೋಲ್ ತಗ್ಗಿದೆಯೇ ಎಂದು ನೋಡುತ್ತಾರೆ.

ಗ್ರಂಥಿಯ ಮೇಲ್ಗಡೆಯೇ ಎರಡೂ ಕಣ್ಣಿನ ನರಗಳು ಅಡ್ಡಹಾಯುತ್ತವೆ. ಗಡ್ಡೆ ಅವನ್ನು ಕೆಳಗಿನಿಂದ ಒತ್ತಿದರೆ ಹೊರಬದಿಯ ನೋಟ ಮಾಸುತ್ತದೆ: ಎದುರಿನ ಬಸ್ಸಿನ ಬೋರ್ಡನ್ನು ಸಲೀಸಾಗಿ ಓದುವವರಿಗೆ ಚಿತ್ರದುರ್ಗದ ಗಾಂಧಿ ವೃತ್ತ ದಾಟುವಾಗ ಪಕ್ಕದಿಂದ ನುಗ್ಗುವ ಬೈಕು ಕಾಣುವುದಿಲ್ಲ. ಗಲ್ಲ ಊರಿಸಿ, ಒಂದು ಕಣ್ಣು ಮುಚ್ಚಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿಸುವ ದೃಷ್ಟಿಕ್ಷೇತ್ರ ಪರೀಕ್ಷೆ ಈ ಕೊರತೆಯನ್ನು ನಕ್ಷೆಯಲ್ಲಿ ತೋರಿಸುತ್ತದೆ.

ಎಂಆರ್‌ಐಯನ್ನು ಗ್ರಂಥಿಯ ಭಾಗಕ್ಕೇ ತೆಳುವಾದ ಪದರಗಳಲ್ಲಿ, ಚಿತ್ರವನ್ನು ಸ್ಪಷ್ಟಗೊಳಿಸುವ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ತೆಗೆಯಬೇಕು. ಸಾಮಾನ್ಯ ಮಿದುಳಿನ ಚಿತ್ರದಲ್ಲಿ ಸಣ್ಣದು ತಪ್ಪಿಹೋಗಬಹುದು. ಬೇರಾವುದಕ್ಕೋ ತೆಗೆದ ಚಿತ್ರದಲ್ಲಿ ಅಕಸ್ಮಾತ್ತಾಗಿ ಕಂಡ ಮೈಕ್ರೋಅಡೆನೋಮ ಹಾರ್ಮೋನನ್ನೂ ಕೆಡಿಸದೆ, ಏನನ್ನೂ ಒತ್ತದೆ ಇದ್ದರೆ, ವೈದ್ಯರು ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು ಇನ್ನೊಂದು ಎಂಆರ್‌ಐ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ.