ಕರುವಿನ ಗಾತ್ರ, ಮರಿಯ ಬುದ್ಧಿ

ನಮ್ಮ ಗ್ರೇಟ್ ಡೇನ್ ನಾಯಿ ಕರಿಯ ಮನೆಗೆ ಬಂದಾಗ 8 ವಾರದ ಮರಿ, ತೊಡೆ ಮೇಲೆ ಮಲಗುತ್ತಿದ್ದ. 6 ತಿಂಗಳಿಗೆಲ್ಲ ಊಟದ ಮೇಜಿಗೆ ಗದ್ದ ಊರಿ ನಿಲ್ಲುವಷ್ಟು ಬೆಳೆದುಬಿಟ್ಟ. ಬೀದಿಯಲ್ಲಿ ನೋಡಿದವರೆಲ್ಲ "ಇಷ್ಟು ದೊಡ್ಡ ನಾಯಿ, ಹೇಳಿದ ಮಾತು ಕೇಳಲ್ವಾ?" ಅನ್ನುತ್ತಿದ್ದರು. ಆದರೆ ಅವನು ಆಗಿನ್ನೂ ಮಗು. ಗ್ರೇಟ್ ಡೇನ್ ಸಾಕುವವರ ಎಷ್ಟೋ ತಪ್ಪುಗಳು ಇಲ್ಲೇ ಶುರುವಾಗುತ್ತವೆ. ಮೈ ನೋಡಿ ವಯಸ್ಸು ಲೆಕ್ಕ ಹಾಕುತ್ತೇವೆ, ಆಮೇಲೆ ಬೈಯುತ್ತೇವೆ.

ಹೆಸರಲ್ಲಿ 'ಡೇನ್' ಇದ್ದರೂ ಇದು ಡೆನ್ಮಾರ್ಕಿನದಲ್ಲ, ಜರ್ಮನಿಯ ತಳಿ. ಹಿಂದೆ ಅಲ್ಲಿನ ಸಿರಿವಂತರು ಕಾಡುಹಂದಿ ಬೇಟೆಗೆ ಇಂಥ ನಾಯಿಗಳನ್ನು ಒಯ್ಯುತ್ತಿದ್ದರು. ಬೇಟೆಗಾರ ಹತ್ತಿರ ಬರುವವರೆಗೆ ಹಂದಿಯನ್ನು ಕಚ್ಚಿ ಹಿಡಿದು ನಿಲ್ಲುವುದು ಇವುಗಳ ಕೆಲಸ. 1878ರಲ್ಲಿ ಬರ್ಲಿನ್‌ನಲ್ಲಿ ಸೇರಿದವರು ಬೇರೆ ಬೇರೆ ಹೆಸರಿನ ದೊಡ್ಡ ನಾಯಿಗಳನ್ನೆಲ್ಲ ಒಂದೇ ತಳಿ ಎಂದು ಒಪ್ಪಿಕೊಂಡರು. ಬೇಟೆ ಬಿಟ್ಟು ಮನೆ ಸೇರಿದ ಮೇಲೆ, ಸಾಕುವವರು ಸಾಧು ಸ್ವಭಾವದ ನಾಯಿಗಳನ್ನೇ ಆರಿಸಿ ಮರಿ ಮಾಡಿಸುತ್ತಾ ಬಂದರು. ಹಾಗಾಗಿ ಈಗಿನ ಡೇನ್ ಜನರನ್ನು ಬಿಟ್ಟಿರಲಾರದ ನಾಯಿ. ಪಕ್ಕದಲ್ಲಿ ನಿಂತು ಮೈಭಾರವನ್ನೆಲ್ಲ ನಿಮ್ಮ ಕಾಲಿಗೆ ಒರಗಿಸುತ್ತದೆ. ಜೋರಾಗಿ ಗದರಿದರೆ ಮುದುಡಿಕೊಳ್ಳುತ್ತದೆ. ಕಾವಲಿಗೆ ಅಂತ ತಂದು ಕಾಂಪೌಂಡಿನ ಮೂಲೆಯಲ್ಲಿ ಕಟ್ಟಿಹಾಕುವವರಿಗೆ ಈ ನಾಯಿ ಬೇಡ.

ಇದರ ಬೆಳವಣಿಗೆ ನೋಡಿದರೆ ಆಶ್ಚರ್ಯವಾಗುತ್ತದೆ. ಹುಟ್ಟಿದಾಗ ಅರ್ಧ ಕಿಲೋ ಆಸುಪಾಸು, ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಅದರ ನೂರು ಪಟ್ಟು. ನಮ್ಮ ಮಕ್ಕಳು ಮೊದಲ ವರ್ಷ ಬೆಳೆಯುವುದು ಮೂರು ಪಟ್ಟು ಮಾತ್ರ. ಆದರೆ ಎಲುಬಿನ ತುದಿಯಲ್ಲಿರುವ ಎಳೆಯ ಪದರ ಪೂರ್ತಿ ಗಟ್ಟಿಯಾಗಲು ಒಂದೂವರೆ ವರ್ಷದ ಹತ್ತಿರ ಬೇಕು. "ದೊಡ್ಡ ನಾಯಿ ಅಲ್ವಾ, ಜಾಸ್ತಿ ಹಾಕಿ" ಅಂತ ತಟ್ಟೆ ತುಂಬಿಸುವವರು 1974ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಬಂದ ಒಂದು ಅಧ್ಯಯನದ ಬಗ್ಗೆ ತಿಳಿಯಬೇಕು. ಅಲ್ಲಿ ಕೆಲವು ಡೇನ್ ಮರಿಗಳಿಗೆ ಹೊಟ್ಟೆ ತುಂಬ, ಕೆಲವಕ್ಕೆ ಅಳೆದು ಊಟ ಕೊಟ್ಟಿದ್ದರು. ಹೊಟ್ಟೆ ತುಂಬ ತಿಂದವು ಬೇಗ ಬೆಳೆದವು, ಎಲುಬು ಕೀಲುಗಳ ತೊಂದರೆಯೂ ಅವಕ್ಕೇ ಹೆಚ್ಚು ಬಂತು. ಮುಂದೆ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ನೋಡಿದಾಗಲೂ ಎಲುಬು ಕೆಟ್ಟಿತ್ತು. ಎಳೆಯ ಮರಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಹಾಕಿದಷ್ಟೂ ಒಳಗೆ ಹೋಗುತ್ತದೆ. ದಯವಿಟ್ಟು ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ. ನಮ್ಮ ಮನೆಗಳ ನುಣುಪು ಟೈಲ್ಸ್ ನೆಲವೂ ಮರಿಗೆ ಒಳ್ಳೆಯದಲ್ಲ. ನಾವು ಅವನು ಓಡಾಡುವ ಕಡೆಯೆಲ್ಲ ಹಳೆಯ ಜಮಖಾನ ಹಾಸಿದ್ದೆವು.

ಮನಸ್ಸಿನ ಲೆಕ್ಕ ಬೇರೆ. ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ ಮರಿಗೆ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ ಮಾತ್ರ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಮರಿಗಳನ್ನು ಜನರ ಸಂಪರ್ಕವಿಲ್ಲದೆ ಬೇಲಿಯೊಳಗೆ ಬೆಳೆಸಿ ನೋಡಿದ್ದರು. 1961ರಲ್ಲಿ ಅದರ ವರದಿ ಬಂತು. 14 ವಾರದವರೆಗೂ ಮನುಷ್ಯರ ಒಡನಾಟ ಸಿಗದ ಮರಿಗಳು ಆಮೇಲೆ ಕಾಡುಪ್ರಾಣಿಯ ಹಾಗೆ ದೂರ ಓಡುತ್ತಿದ್ದವು. ಹೆದರಿದ ಪುಟ್ಟ ನಾಯಿಯನ್ನು ಎತ್ತಿಕೊಂಡು ಸಮಾಧಾನ ಮಾಡಬಹುದು. ಹೆದರಿದ 70 ಕಿಲೋ ನಾಯಿಯನ್ನು ಏನು ಮಾಡುತ್ತೀರಿ?

ಎಲ್ಲ ಲಸಿಕೆ ಮುಗಿಯುವವರೆಗೂ ಕಾದರೆ ಆ ಕಾಲ ಕಳೆದೇ ಹೋಗುತ್ತದೆ. ಮರಿಗಳ ಜೀವ ತೆಗೆಯಬಲ್ಲ ವಾಂತಿಭೇದಿಯ ಸೋಂಕು ಪಾರ್ವೋ, ಅದರ ಭಯವೂ ನಿಜವೇ. ಅದಕ್ಕೆ ನಾವು ಮೊದಲ ಲಸಿಕೆ ಹಾಕಿಸಿ, ನೆಲಕ್ಕೆ ಬಿಡದೆ, ದಿನಾ ಹೊತ್ತುಕೊಂಡೇ ಬೀದಿ ತುದಿಗೆ ಹೋಗುತ್ತಿದ್ದೆವು. ತರಕಾರಿ ಗಾಡಿ, ಆಟೋ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಎಲ್ಲ ತೋರಿಸಿದೆವು. ಮನೆಯಲ್ಲಿ ಕುಕ್ಕರ್ ಕೂಗಿದಾಗ, ಮಿಕ್ಸಿ ತಿರುಗಿದಾಗ ಒಂದು ಚೂರು ಬೇಯಿಸಿದ ಚಿಕನ್ ಕೊಡುತ್ತಿದ್ದೆವು. ಡೇನ್ ಮರಿಯನ್ನು ಹೀಗೆ ಎತ್ತಿಕೊಂಡು ತಿರುಗಲು ಆಗುವುದು ಕೆಲವೇ ವಾರ, ಅಷ್ಟರೊಳಗೆ ಮಾಡಿಬಿಡಬೇಕು.

ಏನು ಕಲಿಸಬೇಕು ಅನ್ನುವುದಕ್ಕೆ ನನ್ನದೊಂದು ಅಳತೆ ಇದೆ. ಮರಿ ಈಗ ಮಾಡುತ್ತಿರುವುದನ್ನು ನಾಳೆ 70 ಕಿಲೋ ನಾಯಿ ಮಾಡಿದರೆ ಪರವಾಗಿಲ್ವಾ? ಎದೆ ಮೇಲೆ ಹಾರುವುದು ಇವತ್ತು ಮುದ್ದು, ನಾಳೆ ಅಜ್ಜಿಯ ಸೊಂಟ ಮುರಿಯುತ್ತದೆ. ಹಾರಿದಾಗ ಹೊಡೆಯಬೇಕಿಲ್ಲ, ಸುಮ್ನೆ ಮುಖ ತಿರುಗಿಸಿದರೆ ಸಾಕು. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ, ತಿಂಡಿ ಕೊಡಿ. ಪಾಠ ಮೂರ್ನಾಲ್ಕು ನಿಮಿಷ ಮೀರಬಾರದು. ಈ ತಳಿಗೆ ಕುತ್ತಿಗೆಯ ಬೆನ್ನುಹುರಿ ಒತ್ತಿಹೋಗುವ ಕಾಯಿಲೆ ಬರುವುದುಂಟು, ಹಾಗಾಗಿ ಕುತ್ತಿಗೆಗೆ ಚೈನ್ ಹಾಕಿ ಜಗ್ಗಬೇಡಿ, ಎದೆಗೆ ಹಾಕುವ ಬೆಲ್ಟ್ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ಕಿವಿ, ಬಾಯಿ, ಉಗುರು ಮುಟ್ಟಿಸಿಕೊಳ್ಳುವುದನ್ನು ದಿನಾ ರೂಢಿ ಮಾಡಿಸಿ. ಬೆಳೆದ ಡೇನ್ ಅನ್ನು ಬಲವಂತವಾಗಿ ಹಿಡಿಯುವುದು ಯಾವ ಡಾಕ್ಟರಿಗೂ ಕಷ್ಟ.

8 ತಿಂಗಳಿಗೆ ಕರಿಯ ಕಲಿಸಿದ್ದೆಲ್ಲ ಮರೆತವನ ಹಾಗೆ ಆಡತೊಡಗಿದ. ನಾನು "ಕೂತ್ಕೋ" ಅಂದರೆ ಗೇಟಿನ ಕಡೆ ನೋಡುತ್ತಿದ್ದ, ಪಕ್ಕದ ಮನೆಯವರು ಹೇಳಿದರೆ ತಕ್ಷಣ ಕೂರುತ್ತಿದ್ದ. ತುಂಬ ನೋವಾಗಿತ್ತು. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ತಳಿಗಳಲ್ಲಿ ಇದನ್ನೇ ಕಂಡಿದ್ದರು. ಆ ವಯಸ್ಸಿನ ನಾಯಿಗಳು ಅಪರಿಚಿತರ ಮಾತು ಕೇಳುತ್ತವೆ, ತಮ್ಮವರ ಮಾತು ಮೀರುತ್ತವೆ. ಹರೆಯ ಕಳೆದಂತೆ ಅದು ಸರಿಹೋಗುತ್ತದೆ. ಈ ಕಾಲದಲ್ಲೇ ಎಷ್ಟೋ ಜನ ದೊಡ್ಡ ನಾಯಿಗಳನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ, ಅದು ನನಗೆ ಬಹಳ ಸಂಕಟದ ವಿಷಯ. ನಾವು ಮತ್ತೆ ಮೊದಲ ಪಾಠದಿಂದ ಶುರು ಮಾಡಿದೆವು, ಅದೇ ಮೂರ್ನಾಲ್ಕು ನಿಮಿಷ, ಅದೇ ಚಿಕನ್ ಚೂರು.

ಈಗ ಅವನಿಗೆ ಎರಡೂವರೆ ವರ್ಷ. ಹೋದ ತಿಂಗಳು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಯಾರೂ ಹಿಡಿದುಕೊಳ್ಳಲಿಲ್ಲ. ಮುಂಗಾಲು ಕೊಟ್ಟು, ಸೂಜಿ ಚುಚ್ಚುವಾಗ ಡಾಕ್ಟರಿಗೇ ಒರಗಿ ನಿಂತಿದ್ದ.