ಎಕ್ಸ್‌ರೇ ತರುವ ಮುನ್ನ ಗೋಡೆ ಕುಟ್ಟಿ ನೋಡಿ

ಮಂಡ್ಯದ ಡಾಕ್ಟರೊಬ್ಬರು ಫೋನ್ ಮಾಡಿದ್ದರು. "ಮಿಷನ್ ಬುಕ್ ಮಾಡಿಬಿಟ್ಟಿದ್ದೀನಿ ಸಾರ್, ಇಪ್ಪತ್ತು ದಿನಕ್ಕೆ ಬರುತ್ತೆ. ಒಂದ್ಸಲ ಬಂದು ಜಾಗ ನೋಡಿ." ಮೈಸೂರು, ಮಂಡ್ಯ ಕಡೆ ಎಕ್ಸ್‌ರೇ ಕೋಣೆಗಳ ಕೆಲಸ ನೋಡಿಕೊಳ್ಳುವ ನನಗೆ ಈ ಮಾತು ಹೊಸದಲ್ಲ. ಲಗ್ನಪತ್ರಿಕೆ ಹಂಚಿ ಆಮೇಲೆ ಛತ್ರ ಹುಡುಕಿದ ಹಾಗೆ.

ಹೋಗಿ ನೋಡಿದೆ. ಮನೆಯನ್ನೇ ಕ್ಲಿನಿಕ್ ಮಾಡಿದ್ದರು. ಮಲಗುವ ಕೋಣೆ ಈಗ ಎಕ್ಸ್‌ರೇ ರೂಮ್. ಎದೆಯ ಚಿತ್ರ ತೆಗೆಯುವ ಚೆಸ್ಟ್ ಸ್ಟ್ಯಾಂಡಿಗೆ ಒಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಅದರ ಆಚೆಗೇ ರೋಗಿಗಳು ಕಾಯುವ ಬೆಂಚು. ಗೆಣ್ಣಿನಿಂದ ಗೋಡೆ ಕುಟ್ಟಿದೆ. ಡಬ್ ಡಬ್ ಅಂತು. ಮೇಸ್ತ್ರಿ ನಕ್ಕರು. "ಹಾಲೋ ಬ್ಲಾಕು ಸಾ, ಒಳಗೆಲ್ಲ ಟೊಳ್ಳು."

ಟೇಬಲ್ ಮೇಲೆ ಮಲಗಿಸಿ ತೆಗೆದರೆ ಕಿರಣ ನೆಲಕ್ಕೆ ಹೋಗುತ್ತೆ. ನಿಲ್ಲಿಸಿ ಎದೆಯ ಚಿತ್ರ ತೆಗೆದರೆ ನೇರ ಗೋಡೆಗೇ. ಹಾಗೆ ನೇರವಾಗಿ ಬೀಳುವ ಕಡೆ ಸುಮಾರು 14 ಇಂಚಿನ ಗಟ್ಟಿ ಇಟ್ಟಿಗೆ ಗೋಡೆ ಬೇಕು. ಇಲ್ಲವೇ ಅದಕ್ಕೆ ಸಮನಾದ 2 ಮಿ.ಮೀ. ಸೀಸದ ಹಾಳೆ. ಚದುರಿದ ಕಿರಣ ಮಾತ್ರ ಬೀಳುವ ಉಳಿದ ಗೋಡೆಗಳಿಗೆ 9 ಇಂಚು ಸಾಕು. ಟೊಳ್ಳು ಬ್ಲಾಕಿನ ದಪ್ಪವನ್ನು ಹೊರಗಿನಿಂದ ಅಳೆದು ಏನು ಪ್ರಯೋಜನ? ಒಳಗಿನ ಗಾಳಿ ಕಿರಣವನ್ನು ತಡೆಯಲ್ಲ ಅಲ್ವಾ.

ಸ್ಟ್ಯಾಂಡನ್ನು ಕಾಂಪೌಂಡ್ ಕಡೆಗೆ ತಿರುಗಿಸಿದೆವು. ಆ ಬದಿ ಯಾರೂ ನಿಲ್ಲೋದಿಲ್ಲ. ಆದರೂ ಆ ಗೋಡೆಗೆ ಗಟ್ಟಿ ಇಟ್ಟಿಗೆಯ ಇನ್ನೊಂದು ವರಸೆ ಕಟ್ಟಿಸಿದೆವು. ಬೆಂಚಿನ ಕಡೆಯ ಟೊಳ್ಳು ಗೋಡೆಗೂ ಸೀಸದ ಹಾಳೆ ಹೊಡೆಸಬೇಕಾಯಿತು. ಟೆಕ್ನಿಷಿಯನ್ ನಿಲ್ಲುವ ಜಾಗ ಸ್ಟ್ಯಾಂಡಿನಿಂದ 3 ಮೀಟರ್ ದೂರ ಇರಬೇಕು, ನಡುವೆ ಸೀಸದ ಮರೆ. ಚಿಕ್ಕ ಕೋಣೆಗಳು ಸಾಮಾನ್ಯವಾಗಿ ಸೋಲೋದು ಇಲ್ಲೇ. 18 ಚದರ ಮೀಟರ್ ಜಾಗ ಸಿಕ್ಕರೆ ಈ ಪಡಿಪಾಟಲು ಇರಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಮೈಗೆ ಬೀಳುವ ವಿಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ; ಕೆಲಸ ಮಾಡುವವರಿಗೆ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ತನಕ ಮಿತಿ ಇದೆ, ಬೆಂಚಿನ ಮೇಲೆ ಕೂತವರಿಗೆ ಬರೀ 1. ಟೆಕ್ನಿಷಿಯನ್ ಎದೆಗೆ ಅಳೆಯುವ ಬ್ಯಾಡ್ಜ್ ಇರುತ್ತೆ. ಬೆಂಚಿನ ಮೇಲಿನ ಅಜ್ಜಿಗೆ ಎಲ್ಲಿರುತ್ತೆ?

ಕರೆಂಟಿನ ಮಾತನ್ನೂ ಕೊನೆಗೆ ಇಡಬೇಡಿ. 100 ಕಿಲೋವೋಲ್ಟಿನಲ್ಲಿ 300 ಮಿಲಿಆಂಪ್ ಎಳೆಯುವ ಯಂತ್ರಕ್ಕೆ ಆ ಕ್ಷಣದ ಮಟ್ಟಿಗೆ ಸುಮಾರು 30 ಕಿಲೋವ್ಯಾಟ್ ಬೇಕು. ಮನೆಯ ಸಿಂಗಲ್ ಫೇಸ್ ತಂತಿ ಇದಕ್ಕೆ ತಡೆಯಲ್ಲ. ಈ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ಗೆ ಲೋಡ್ ಹೆಚ್ಚಿಸಲು ಅರ್ಜಿ ಹಾಕೋದು ಗಾರೆ ಕೆಲಸ ಶುರುವಾಗುವ ಮೊದಲೇ ಆಗಲಿ. ಅರ್ತಿಂಗ್ ಗುಂಡಿಯೂ ಬೇರೆಯೇ ಇರಲಿ. ಕೇಬಲ್ ಹೋಗುವ ಕಾಲುವೆಯನ್ನು ಟೈಲ್ಸ್ ಹಾಕುವ ಮುಂಚೆ ತೆಗೆಸಿ. ಹೊಸ ಟೈಲ್ಸ್ ಒಡೆಸುವಾಗ ಡಾಕ್ಟರ ಮುಖ ನೋಡೋಕಾಗಲ್ಲ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಅವರದೇ ಆನ್‌ಲೈನ್ ಪೋರ್ಟಲ್ ಇ-ಲೋರಾದಲ್ಲಿ ಆಗುತ್ತೆ. ಕೋಣೆಯ ನಕ್ಷೆ ಸರಿ ಇದ್ದರೆ ಅದೇನು ಕಷ್ಟವಲ್ಲ. ಅಲ್ಟ್ರಾಸೌಂಡ್ ಆದರೆ ಸೀಸದ ಗೊಡವೆಯೇ ಇಲ್ಲ, ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಇಲ್ಲದೆ ಯಂತ್ರ ಮುಟ್ಟೋ ಹಾಗಿಲ್ಲ.

ಇನ್ನು ಬಾಗಿಲು. ಸ್ಟ್ರೆಚರ್ ನುಗ್ಗಲು 4 ಅಡಿ ಅಗಲ, 7 ಅಡಿ ಎತ್ತರ ಇಟ್ಟೆವು. ಅದಕ್ಕೆ 1.7 ಮಿ.ಮೀ. ಸೀಸದ ಹಾಳೆ ಹೊಡೆದರೆ ಹಾಳೆಯ ತೂಕವೇ ಸುಮಾರು 50 ಕೆ.ಜಿ. ಬಡಗಿ ಮಾಮೂಲಿ ಹಿಂಜಸ್ ಮೂರು ಹಾಕಿ ಹೋಗಿದ್ದ. ವಾರದೊಳಗೆ ಬಾಗಿಲು ಜೋತುಬಿದ್ದು ನೆಲ ಕೆರೆಯತೊಡಗಿತು. ಮೇಲಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು. ಭಾರದ ಹಿಂಜಸ್ ಐದು ಹಾಕಿಸಿ, ಸಂದು ಮುಚ್ಚುವಂತೆ ಚೌಕಟ್ಟಿಗೂ ಸೀಸ ಮಡಿಚಿ ಹೊಡೆಸಿದ ಮೇಲೇ ಮಿಷನ್ ಲಾರಿಯಿಂದ ಇಳಿದದ್ದು.